ಮಳೆ ನಿಂತ ಮೇಲೆ ಬರುವ ನೀರು: ಬೆಂಗಳೂರಿನ ಅಂಚಿನ ಹಳ್ಳಿಗಳು ನೆರೆಗೆ ತಯಾರಾಗುವುದು ಹೇಗೆ?

"ಮಳೆ ನಿಂತಿತ್ತು, ಇನ್ನೇನಿಲ್ಲ ಅಂತ ಮಲಗಿದ್ವಿ. ಮೂರು ಗಂಟೆಗೆ ಎದ್ದು ನೋಡಿದ್ರೆ ಮಂಚದ ಕೆಳಗೆ ನೀರು." ಆನೇಕಲ್ ಕಡೆಯವರಾಗಲಿ, ಹೊಸಕೋಟೆ, ಯಲಹಂಕ ಕಡೆಯವರಾಗಲಿ, ಮನೆಗೆ ನೀರು ನುಗ್ಗಿದವರು ಹೇಳುವುದು ಇದೇ ಮಾತು. ಪ್ರತಿ ವರ್ಷ ಎಡವುವ ಜಾಗವೂ ಇದೇ. ನಾವು ನಮ್ಮ ತಲೆಯ ಮೇಲಿನ ಮೋಡ ನೋಡುತ್ತೇವೆ, ಮೇಲಿನ ಕೆರೆ ನೋಡುವುದಿಲ್ಲ.

ನಮ್ಮ ಸೀಮೆಯಲ್ಲಿ ಊರು ಮುಳುಗಿಸುವಷ್ಟು ದೊಡ್ಡ ನದಿ ಇಲ್ಲ. ಇರುವುದು ಕೆರೆಗಳ ಸಾಲು. ಮೇಲಿನ ಕೆರೆ ತುಂಬಿ ಕೋಡಿ (ಜಾಸ್ತಿಯಾದ ನೀರು ಹೊರಗೆ ಹರಿಯುವ ಜಾಗ) ಬಿದ್ದರೆ ನೀರು ರಾಜಕಾಲುವೆ, ಅಂದರೆ ಕೆರೆಯಿಂದ ಕೆರೆಗೆ ಹೋಗುವ ದೊಡ್ಡ ಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಅಂದರೆ ಮಳೆಗೂ ನಿಮ್ಮ ಬಾಗಿಲಿಗೆ ಬರುವ ನೀರಿಗೂ ನಡುವೆ ಸ್ವಲ್ಪ ಹೊತ್ತು ಇರುತ್ತದೆ. ಆ ಹೊತ್ತು ಎಷ್ಟು ಅಂತ ಮೊದಲೇ ತಿಳಿದುಕೊಂಡು ಅದನ್ನು ಹೇಗೆ ಬಳಸಬೇಕು ಅನ್ನುವುದೇ ಈ ಬರಹದ ಕೆಲಸ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಹಿಂದೆ ಮುಂದೆ ಮಾಡಿದರೆ ಕೆಲವು ಕಡೆ ಅಪಾಯ ಜಾಸ್ತಿಯಾಗುತ್ತದೆ. ಯಾಕೆ ಅಂತ ಮೂರನೇ ಹಂತದಲ್ಲಿ ಹೇಳುತ್ತೇನೆ.

ಯಾವಾಗ ಶುರು ಮಾಡಬೇಕು? ಏಪ್ರಿಲ್‌ನಲ್ಲಿ. ಮೇ ತಿಂಗಳಲ್ಲೇ ಒಂದು ಸುತ್ತು ಜೋರು ಮಳೆ ಆಗುತ್ತದೆ. ಆದರೆ ನಿಜವಾದ ಪರೀಕ್ಷೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಹಸ್ತಾ, ಚಿತ್ತಾ ಮಳೆ ಹೊತ್ತಿಗೆ ಕೆರೆಗಳು ಆಗಲೇ ತುಂಬಿರುತ್ತವೆ, ನೆಲ ನೆನೆದಿರುತ್ತದೆ, ಬಿದ್ದ ನೀರೆಲ್ಲ ಹರಿಯುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ಒಂದು ಸಲ ಪೂರ್ತಿ ಕೆಲಸ, ಆಗಸ್ಟ್ ಮೊದಲ ವಾರ ಇನ್ನೊಂದು ಸಲ ತಪಾಸಣೆ.

ಹಂತ 1: ನೀರು ಬರುವ ದಾರಿಯಲ್ಲಿ ನಡೆದು ನೋಡಿ

ಮೊದಲು ಮೊಬೈಲಿನಲ್ಲಿ ದಿಶಾಂಕ್ ಆಪ್ ಹಾಕಿಕೊಳ್ಳಿ. ಕಂದಾಯ ಇಲಾಖೆಯ ಆಪ್ ಅದು. ನಿಂತ ಜಾಗದ ಸರ್ವೆ ನಂಬರ್, ಕೆರೆ, ಕಾಲುವೆ ಎಲ್ಲ ತೋರಿಸುತ್ತದೆ. ಜೊತೆಗೆ ಗ್ರಾಮ ನಕ್ಷೆಯ ಒಂದು ಪ್ರತಿ ಇಟ್ಟುಕೊಳ್ಳಿ. ಆಮೇಲೆ ಊರಿನ ಹಿರಿಯರೊಬ್ಬರನ್ನು, ಸಾಧ್ಯವಾದರೆ ಹಿಂದೆ ನೀರಗಂಟಿ ಕೆಲಸ (ಕೆರೆ ನೀರು ನೋಡಿಕೊಂಡು ಹೊಲಗಳಿಗೆ ಬಿಡುವ ಕೆಲಸ) ಮಾಡಿದ ಮನೆಯವರನ್ನು ಕರೆದುಕೊಂಡು ಕಾಲುವೆ ಪಕ್ಕದಲ್ಲೇ ಮೇಲಕ್ಕೆ ನಡೆಯಿರಿ. ಕಡಿಮೆ ಅಂದರೂ ಮೇಲಿನ ಎರಡು ಕೆರೆವರೆಗೆ.

ನಡೆದೇ ನೋಡಬೇಕು, ಯಾಕೆಂದರೆ ನಕ್ಷೆಯಲ್ಲಿ ಇರುವ ಕಾಲುವೆ ನೆಲದ ಮೇಲೆ ಇರುವುದಿಲ್ಲ. ಎಲ್ಲೋ ಒಂದು ಲೇಔಟ್‌ನವರು ಕಾಂಪೌಂಡ್ ಕಟ್ಟಿ ಅದನ್ನು ತಿರುಗಿಸಿರುತ್ತಾರೆ, ಇನ್ನೆಲ್ಲೋ ಹತ್ತು ಅಡಿ ಕಾಲುವೆಯನ್ನು ಎರಡು ಅಡಿ ಪೈಪಿಗೆ ತುರುಕಿ ಮೇಲೆ ರಸ್ತೆ ಮಾಡಿರುತ್ತಾರೆ. ನೀರು ಹೊರಗೆ ಚೆಲ್ಲುವುದು ಅಂಥ ಜಾಗದಲ್ಲೇ. ಪ್ರತಿ ಮೋರಿಯ (ರಸ್ತೆ ಕೆಳಗೆ ನೀರು ದಾಟುವ ಕಿಂಡಿ) ಅಗಲ, ಎತ್ತರ ಟೇಪು ಹಿಡಿದು ಅಳೆದು ಬರೆದುಕೊಳ್ಳಿ. ಒಂದು ಸಲ ಬಿಸಿಲಲ್ಲಿ ನಡೆಯಿರಿ, ಇನ್ನೊಂದು ಸಲ ಸಣ್ಣ ಮಳೆ ಬಂದ ಮರುದಿನ.

ಈ ನಡಿಗೆಯಲ್ಲಿ ಸಿಗಬೇಕಾದ ಮುಖ್ಯ ವಸ್ತು ಒಂದು ಫೋನ್ ನಂಬರ್. ಮೇಲಿನ ಕೆರೆ ಕೋಡಿಯ ಹತ್ತಿರ ಮನೆಯೋ ತೋಟವೋ ಅಂಗಡಿಯೋ ಇರುವವರ ನಂಬರ್. "ಅಣ್ಣಾ, ಕೋಡಿ ಹರಿಯಕ್ಕೆ ಶುರುವಾದರೆ ಎಷ್ಟೇ ಹೊತ್ತಾಗಿರಲಿ ಒಂದು ಫೋನ್ ಮಾಡಿ" ಅಂತ ಕೇಳಿಕೊಳ್ಳಿ. ಒಬ್ಬರದಲ್ಲ, ಇಬ್ಬರದು. 2022ರ ಸೆಪ್ಟೆಂಬರ್ 4ರ ರಾತ್ರಿಯಿಂದ ಬೆಳಗಿನೊಳಗೆ ನಗರದಲ್ಲಿ 130 ಮಿ.ಮೀ. ಸುಮಾರು ಮಳೆ ಸುರಿಯಿತಲ್ಲ, ಆಗ ನಮ್ಮ ಹತ್ತಿರ ಆ ಥರ ಒಂದು ನಂಬರೂ ಇರಲಿಲ್ಲ. ಮೇಲಿನ ಊರಿನವರಿಗೆ ರಾತ್ರಿಯೇ ಗೊತ್ತಿತ್ತು. ನಮಗೆ ಗೊತ್ತಾಗಿದ್ದು ಕೊಟ್ಟಿಗೆಯಲ್ಲಿ ಹಸು ಕೂಗಿದಾಗ.

ಅದೇ ಥರ ನಿಮ್ಮ ಕೆಳಗಿನ ಊರಿಗೆ ನೀವು ಫೋನ್ ಮಾಡಬೇಕು. ಅವರ ನಂಬರನ್ನೂ ತನ್ನಿ.

ಹಂತ 2: ಆರು ಜನ ಸಾಕು, ಆದರೆ ಯಾರಿಗೆ ಯಾವ ಕೆಲಸ ಅಂತ ಗೊತ್ತಿರಲಿ

ಮೂವತ್ತು ಜನರ ಸಮಿತಿ ಮಾಡಿ ಫೋಟೋ ತೆಗೆಸಿಕೊಂಡರೆ ಮಳೆ ಬಂದ ರಾತ್ರಿ ಯಾರೂ ಬರುವುದಿಲ್ಲ. ಕೋಡಿ ಮತ್ತು ಏರಿ (ಕೆರೆಯ ಮಣ್ಣಿನ ಕಟ್ಟೆ) ನೋಡಲು ಇಬ್ಬರು, ಅಳತೆ ಬರೆಯಲು ಒಬ್ಬರು, ಮನೆ ಮನೆಗೆ ಸುದ್ದಿ ಮುಟ್ಟಿಸಲು ಇಬ್ಬರು, ಪಂಚಾಯ್ತಿ, ತಾಲ್ಲೂಕು ಕಚೇರಿ, ಲೈನ್‌ಮನ್ ಜೊತೆ ಮಾತಾಡಲು ಒಬ್ಬರು. ಪ್ರತಿಯೊಬ್ಬರಿಗೂ ಬದಲಿ ಒಬ್ಬರಿರಲಿ. ಪಂಚಾಯ್ತಿಯ ವಾಟರ್‌ಮನ್ ಇದರಲ್ಲಿ ಇರಲೇಬೇಕು, ಊರಿನ ಪಂಪು, ವಾಲ್ವು ಎಲ್ಲಿದೆ ಅಂತ ಗೊತ್ತಿರುವುದು ಅವರಿಗೇ.

ಒಂದು ಮುಖ್ಯವಾದ ಪಟ್ಟಿ ಮಾಡಿ. ತಗ್ಗಿನಲ್ಲಿರುವ ಮನೆಗಳು, ಎದ್ದು ಓಡಾಡಲಾಗದ ಹಿರಿಯರು, ಬಸುರಿ ಬಾಣಂತಿಯರು, ಕಟ್ಟಿಹಾಕಿದ ದನಗಳು ಎಷ್ಟು. ಆಶಾ ಕಾರ್ಯಕರ್ತೆ ಮತ್ತು ಸ್ವಸಹಾಯ ಸಂಘದ ಹೆಂಗಸರು ಕೂತರೆ ಅರ್ಧ ಗಂಟೆಯಲ್ಲಿ ಆಗುತ್ತದೆ. ಈ ಪಟ್ಟಿಯಲ್ಲಿ ಎಲ್ಲ ಊರಿನವರೂ ಬಿಡುವುದು ಕಟ್ಟಡ ಕೆಲಸದವರ ತಗಡಿನ ಶೆಡ್‌ಗಳನ್ನು. ಅವರು ಇರುವುದೇ ಕಾಲುವೆ ಪಕ್ಕದ ಖಾಲಿ ಜಾಗದಲ್ಲಿ. ಕನ್ನಡ ಬಾರದವರು, ದೇವಸ್ಥಾನದ ಮೈಕಿನಲ್ಲಿ ಏನು ಕೂಗಿದರೂ ಅವರಿಗೆ ಅರ್ಥವಾಗುವುದಿಲ್ಲ. ಅಲ್ಲಿ ಒಬ್ಬ ಮೇಸ್ತ್ರಿಯ ನಂಬರ್ ತೆಗೆದುಕೊಂಡು, ತಮಟೆ ಸದ್ದು ಕೇಳಿದರೆ ಎಲ್ಲಿಗೆ ಓಡಬೇಕು ಅಂತ ಹಗಲಲ್ಲೇ ಒಂದು ಸಲ ಕರೆದುಕೊಂಡು ಹೋಗಿ ತೋರಿಸಿ.

ಹಂತ 3: ಕಾಲುವೆ ಸ್ವಚ್ಛ ಮಾಡುವುದು ಕೆಳಗಿನಿಂದ ಮೇಲಕ್ಕೆ

ಇಲ್ಲಿ ಕ್ರಮ ತಪ್ಪಿದರೆ ನೀವೇ ನೆರೆ ತಂದುಕೊಂಡ ಹಾಗೆ. ಉತ್ಸಾಹದಲ್ಲಿ ಜೇಸಿಬಿ ತಂದು ಮೇಲಿನ ಕಾಲುವೆಯನ್ನು ಅಗಲ ಮಾಡಿಬಿಡುತ್ತಾರೆ. ಊರಿನ ಕೆಳಗಿನ ಮೋರಿ ಹಾಗೇ ಹೂಳು ತುಂಬಿಕೊಂಡಿರುತ್ತದೆ. ಆಗ ಮೊದಲು ನಿಧಾನವಾಗಿ ಬರುತ್ತಿದ್ದ ನೀರು ಈಗ ಒಂದೇ ಸಲ ಬಂದು ಊರೊಳಗೆ ನಿಲ್ಲುತ್ತದೆ. ಮೊದಲು ಊರಿನ ಕೆಳಗೆ ನೀರು ಹೊರಗೆ ಹೋಗುವ ಜಾಗ, ಆಮೇಲೆ ಊರೊಳಗಿನ ಚರಂಡಿ, ಆಮೇಲೆ ಕೋಡಿ ಹಳ್ಳ, ಕೊನೆಗೆ ಮೇಲಿನ ಕಾಲುವೆ. ಹೀಗೆ ಹೋಗಬೇಕು.

ತೆಗೆದ ಹೂಳು, ಜೊಂಡು, ಪ್ಲಾಸ್ಟಿಕ್ ದಡದ ಮೇಲೆ ಗುಡ್ಡೆ ಹಾಕಿ ಬಿಡಬೇಡಿ, ಮೊದಲ ಮಳೆಗೇ ವಾಪಸ್ ಕಾಲುವೆಗೆ ಇಳಿಯುತ್ತದೆ. ಅವತ್ತೇ ಟ್ರ್ಯಾಕ್ಟರ್‌ನಲ್ಲಿ ಸಾಗಿಸಿ.

ಕೆರೆ ಕೋಡಿಯಲ್ಲಿ ಎರಡು ವಿಷಯ ನೋಡಿ. ಒಂದು, ಮೀನು ಹೊರಗೆ ಹೋಗದಿರಲಿ ಅಂತ ಮೀನು ಹಿಡಿಯುವ ಗುತ್ತಿಗೆದಾರರು ಕಟ್ಟಿರುವ ಬಲೆ ಅಥವಾ ಜಾಲರಿ. ಬೇಸಿಗೆಯಲ್ಲಿ ಅದರಿಂದ ತೊಂದರೆ ಇಲ್ಲ. ಮಳೆಯಲ್ಲಿ ಜೊಂಡು, ಕಸ ಬಂದು ಅದಕ್ಕೆ ಸಿಕ್ಕಿಕೊಂಡರೆ ಕೋಡಿ ಮುಚ್ಚಿದಂತೆಯೇ. ಜಗಳ ಬೇಡ, ಅವರನ್ನೇ ಕರೆದು ಕೂರಿಸಿ, ಇಂಥ ಮಟ್ಟಕ್ಕೆ ನೀರು ಬಂದರೆ ಜಾಲರಿ ಬಿಚ್ಚುತ್ತೇವೆ ಅಂತ ಮೊದಲೇ ಮಾತಾಡಿಕೊಳ್ಳಿ, ಬಿಚ್ಚುವುದು ಹೇಗೆ ಅಂತಲೂ ಕೇಳಿ ತಿಳಿದುಕೊಳ್ಳಿ.

ಎರಡನೆಯದು ಇನ್ನೂ ಅಪಾಯದ್ದು. ಜಾಸ್ತಿ ನೀರು ನಿಲ್ಲಲಿ ಅಂತ ಕೋಡಿ ಮೇಲೆ ಮರಳು ಚೀಲ, ಕಲ್ಲು, ಕಾಂಕ್ರೀಟ್ ಇಟ್ಟು ಎತ್ತರಿಸುವುದು. ದಯವಿಟ್ಟು ಮಾಡಬೇಡಿ. ಕೋಡಿ ಎಷ್ಟು ಎತ್ತರ ಇರಬೇಕು ಅನ್ನುವುದು ಏರಿಯ ಎತ್ತರ ನೋಡಿ ಮಾಡಿದ ಲೆಕ್ಕ. ಕೋಡಿಯಲ್ಲಿ ಹೋಗದ ನೀರು ಏರಿ ಮೇಲೆ ಹತ್ತುತ್ತದೆ, ಮಣ್ಣಿನ ಏರಿ ಮೇಲೆ ನೀರು ಹರಿದರೆ ಅದು ಉಳಿಯುವುದಿಲ್ಲ. 2019ರ ನವೆಂಬರ್‌ನಲ್ಲಿ ಹುಳಿಮಾವು ಕೆರೆ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದ್ದು ನೆನಪಿದೆ ಅಲ್ವಾ? ಏರಿ ಒಡೆದರೆ ಬರುವ ನೀರಿಗೂ ಕೋಡಿ ನೀರಿಗೂ ಹೋಲಿಕೆಯೇ ಇಲ್ಲ.

ತೂಬಿನ (ಕೆರೆಯಿಂದ ಹೊಲಗಳಿಗೆ ನೀರು ಬಿಡುವ ಕಿಂಡಿ) ಗೇಟ್ ಏಪ್ರಿಲ್‌ನಲ್ಲೇ ಒಂದು ಸಲ ತೆಗೆದು ಹಾಕಿ ನೋಡಿ. ತುಕ್ಕು ಹಿಡಿದಿದ್ದರೆ ಬರೆದು ಕೊಡಿ. 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟು (ನೀರು ಉಣ್ಣುವ ಜಮೀನು) ಇರುವ ಕೆರೆ ಸಾಮಾನ್ಯವಾಗಿ ಜಿಲ್ಲಾ ಪಂಚಾಯ್ತಿಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. ಪಂಚಾಯ್ತಿಯ ಪಿಡಿಒಗೆ (ಅಭಿವೃದ್ಧಿ ಅಧಿಕಾರಿ) ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ಅದು ಅಲ್ಲಿಗೇ ಮುಗಿಯಿತು. ನಾವು ಎರಡು ವರ್ಷ ಬಾಯಲ್ಲೇ ಹೇಳಿಕೊಂಡು ತಿರುಗಿದ್ದೇವೆ.

ಹಂತ 4: ಅಳೆಯಿರಿ, ಅಂದಾಜು ಮಾಡಬೇಡಿ

"ಸಿಕ್ಕಾಪಟ್ಟೆ ಮಳೆ" ಅನ್ನುವುದು ಅಳತೆ ಅಲ್ಲ. ಬೇಕಾದ್ದು ಮೂರು ಲೆಕ್ಕ: ಮಳೆ ಎಷ್ಟು ಬಿತ್ತು, ಕಾಲುವೆಯಲ್ಲಿ ನೀರು ಎಷ್ಟು ಏರಿತು, ಎಷ್ಟು ಹೊತ್ತಿನಲ್ಲಿ ಏರಿತು.

ಮಳೆ ಅಳೆಯಲು ಎರಡು ಲೀಟರ್ ಜ್ಯೂಸ್ ಬಾಟಲಿ ಸಾಕು. ಮೈ ನೇರವಾಗಿರುವ ಬಾಟಲಿ ಆರಿಸಿ, ನಡು ಸಣ್ಣ ಇರುವುದು ಬೇಡ. ಕುತ್ತಿಗೆ ಕೆಳಗೆ, ಮೈ ನೇರ ಆಗುವ ಕಡೆ ಕತ್ತರಿಸಿ, ಆ ಮೇಲಿನ ತುಂಡನ್ನು ತಲೆಕೆಳಗಾಗಿ ಆಲಿಕೆ ಥರ ಒಳಗೆ ಕೂರಿಸಿ. ಬಾಟಲಿಯ ತಳ ಏರುಪೇರು ಇರುತ್ತದೆ, ಅದಕ್ಕೆ ಒಳಗೆ ಸಣ್ಣ ಕಲ್ಲು ಹಾಕಿ, ಆ ಕಲ್ಲು ಮುಳುಗುವವರೆಗೆ ನೀರು ಹಾಕಿ, ಆ ಮಟ್ಟಕ್ಕೆ ಸೊನ್ನೆ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಒಂದು ಸೆಂಟಿಮೀಟರ್ ಅಂದರೆ 10 ಮಿ.ಮೀ. ಮಳೆ. ಸೂರಿನ ಕೆಳಗೆ, ಮರದ ಕೆಳಗೆ, ಗೋಡೆ ಪಕ್ಕ ಇಡಬೇಡಿ. ಬಯಲಿನಲ್ಲಿ ಇಟ್ಟಿಗೆ ನಡುವೆ ಅಲ್ಲಾಡದ ಹಾಗೆ ಇಡಿ. ದಿನಾ ಬೆಳಗ್ಗೆ 8.30ಕ್ಕೆ ಓದಿ ಬರೆಯಿರಿ, ಹವಾಮಾನ ಇಲಾಖೆಯ ದಿನದ ಲೆಕ್ಕವೂ ಅದೇ ಹೊತ್ತಿನದು, ಹೋಲಿಸಲು ಸುಲಭ. ಓದಿದ ಮೇಲೆ ಮತ್ತೆ ಸೊನ್ನೆ ಗೆರೆಗೆ ತರುವುದನ್ನು ಮರೆಯುತ್ತಾರೆ. ಮರೆತರೆ ಮರುದಿನದ ಲೆಕ್ಕ ಸುಳ್ಳು.

ಈ ಮಿಲಿಮೀಟರ್ ಅಂದರೆ ಎಷ್ಟು ನೀರು ಅಂತ ಜನರಿಗೆ ಒಂದು ಸಲ ಬಿಡಿಸಿ ಹೇಳಿ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್. 250 ಎಕರೆ ಮೇಲೆ 50 ಮಿ.ಮೀ. ಬಿದ್ದರೆ 5 ಕೋಟಿ ಲೀಟರ್. ಅರ್ಧ ನೆಲಕ್ಕೆ ಇಂಗಿದರೂ ಉಳಿದದ್ದು 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಲೋಡು. ಮೇಲೆ ಲೇಔಟ್ ಆಗಿ ಎಲ್ಲ ಕಾಂಕ್ರೀಟ್ ಆಗಿದ್ದರೆ ಅರ್ಧವೂ ಇಂಗುವುದಿಲ್ಲ. ಇದನ್ನು ಹೇಳಿದ ದಿನವೇ ನಮ್ಮೂರಿನಲ್ಲಿ ಚರಂಡಿಗೆ ಕಸ ಹಾಕುವುದು ಕಡಿಮೆಯಾಯಿತು.

ಇನ್ನು ಕಾಲುವೆಯ ಮಟ್ಟ. ಊರಿಗೆ ಬರುವ ಮೊದಲ ಮೋರಿಯ ಗೋಡೆಯ ಮೇಲೆ ತಳದಿಂದ ಶುರು ಮಾಡಿ 10 ಸೆಂ.ಮೀ.ಗೆ ಒಂದರಂತೆ ಪೇಂಟ್‌ನಲ್ಲಿ ಗೆರೆ ಹಾಕಿ. ಹರಿವಿನ ಸೆಳೆತಕ್ಕೆ ಎದುರಾಗಿ ಬೇಡ, ಪಕ್ಕದ ಗೋಡೆಗೆ. ರಾತ್ರಿ ರಸ್ತೆಯ ಮೇಲಿಂದಲೇ ಟಾರ್ಚ್ ಬಿಟ್ಟರೆ ಕಾಣಬೇಕು, ಗೆರೆ ಓದಲು ಯಾರೂ ಕೆಳಗೆ ಇಳಿಯುವಂತೆ ಇರಬಾರದು. ಹಳೇ ನೆರೆಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಹಿರಿಯರನ್ನು ಕೇಳಿ ಆ ಮಟ್ಟವನ್ನೂ ಗುರುತು ಮಾಡಿ.

ಬರೆಯುವುದು ಯಾವಾಗ? ಸಾಮಾನ್ಯ ದಿನ ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕಲು ಹೋಗುವಾಗ ಒಬ್ಬರು ನೋಡಿ, ಡೇರಿ ಗೋಡೆಯ ಬೋರ್ಡಿನ ಮೇಲೆ ಬರೆದರೆ ಊರಿಗೆಲ್ಲ ಗೊತ್ತಾಗುತ್ತದೆ. ಜೋರು ಮಳೆ ಹಿಡಿದರೆ ಅರ್ಧ ಗಂಟೆಗೊಮ್ಮೆ. ನೀರು ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಬೇಗ ಏರುತ್ತಿದೆ ಅನ್ನುವುದನ್ನು ನೋಡಿ. ಗಂಟೆಗೆ ಒಂದು ಗೆರೆ ಏರುವುದು ಬೇರೆ, ಅರ್ಧ ಗಂಟೆಯಲ್ಲಿ ಮೂರು ಗೆರೆ ಏರುವುದು ಬೇರೆ.

ಈಗ ಹೊತ್ತಿನ ಲೆಕ್ಕ. ಕಾಲುವೆ ನೇರ ಇರುವ ಕಡೆ ದಡದ ಮೇಲೆ 20 ಮೀಟರ್ ಅಳೆದು ಎರಡು ಗೂಟ ಹೊಡೆಯಿರಿ. ನೀರು ಚೆನ್ನಾಗಿ ಹರಿಯುವ ದಿನ ಒಣಗಿದ ತೆಂಗಿನ ಚಿಪ್ಪು ಬಿಟ್ಟು, ಒಂದು ಗೂಟದಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ನೋಡಿ. 25 ಸೆಕೆಂಡ್ ಆದರೆ ಸೆಕೆಂಡಿಗೆ 80 ಸೆಂ.ಮೀ. ಮೇಲಿನ ಕೆರೆ ಕೋಡಿ 3 ಕಿ.ಮೀ. ದೂರ ಇದ್ದರೆ ಸುಮಾರು ಒಂದು ಗಂಟೆಯಲ್ಲಿ ನೀರು ನಿಮ್ಮಲ್ಲಿ. ಇದು ಒರಟು ಲೆಕ್ಕ. ದೊಡ್ಡ ಹರಿವಿನಲ್ಲಿ ಇನ್ನೂ ಬೇಗ ಬರುತ್ತದೆ, ನಡುವೆ ಖಾಲಿ ಕೆರೆ ಇದ್ದರೆ ಅದು ತುಂಬುವವರೆಗೆ ಬರುವುದೇ ಇಲ್ಲ. ಹಾಗಾಗಿ ಪ್ರತಿ ಸಲ ಮೇಲಿನಿಂದ ಫೋನ್ ಬಂದ ಹೊತ್ತು, ನಿಮ್ಮ ಮೋರಿಯಲ್ಲಿ ನೀರು ಏರಿದ ಹೊತ್ತು, ಎರಡನ್ನೂ ಬರೆದಿಡಿ. ಎರಡು ಮಳೆಗಾಲ ಬರೆದರೆ ನಿಮ್ಮ ಊರಿನ ಲೆಕ್ಕ ನಿಮಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ.

ಸರ್ಕಾರದ ಮಾಹಿತಿಯನ್ನೂ ಬಿಡಬೇಡಿ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದೆ, ಅವರ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಹೋಬಳಿಯ ಮಳೆ ವಿಚಾರ ಕೇಳಬಹುದು. ಹವಾಮಾನ ಇಲಾಖೆ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ ಮಳೆ.

ಹಂತ 5: ಯಾವ ಗೆರೆಗೆ ಏನು ಮಾಡಬೇಕು ಅಂತ ಮೊದಲೇ ತೀರ್ಮಾನಿಸಿ

ನಡುರಾತ್ರಿ ನೀರು ಏರುವಾಗ "ಕೂಗೋಣವಾ, ಬೇಡವಾ, ಸುಮ್ನೆ ಜನರನ್ನು ಹೆದರಿಸಿದಂತೆ ಆಗುತ್ತಾ" ಅಂತ ಚರ್ಚೆ ಶುರುವಾಗುತ್ತದೆ. ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ಅದಕ್ಕೇ ಮೋರಿ ಗೋಡೆಯ ಮೇಲೆ ಮೂರು ಬಣ್ಣ ಹಾಕಿ. ಊರೊಳಗೆ ನೀರು ಚೆಲ್ಲುವ ಮಟ್ಟವನ್ನು ಮೊದಲು ಗುರುತಿಸಿ, ಅದಕ್ಕಿಂತ ಸಾಕಷ್ಟು ಕೆಳಗೆ ಕೆಂಪು ಇರಲಿ. ಚೆಲ್ಲುವ ಮಟ್ಟಕ್ಕೇ ಕೆಂಪು ಬಳಿಯುವುದು ತುಂಬಾ ಜನ ಮಾಡುವ ತಪ್ಪು. ಆಗ ಕೂಗುವ ಹೊತ್ತಿಗೆ ನೀರು ಮನೆಯಲ್ಲಿರುತ್ತದೆ.

ಹಳದಿ ಮುಟ್ಟಿದರೆ ಅಥವಾ ಮೇಲಿನ ಕೋಡಿ ಹರಿಯಿತು ಅಂತ ಫೋನ್ ಬಂದರೆ, ಆರೂ ಜನ ಏಳಬೇಕು, ಏರಿ ನೋಡಬೇಕು, ಜಾಲರಿ ಬಿಚ್ಚಬೇಕು. ಕಿತ್ತಳೆಗೆ ತಗ್ಗಿನ ಮನೆಯವರನ್ನು ಎಬ್ಬಿಸಿ, ದನಗಳನ್ನು ಮೇಲಕ್ಕೆ ಹೊಡೆಯಬೇಕು, ಪಹಣಿ, ಆಧಾರ್, ಔಷಧಿ ಚೀಲಕ್ಕೆ ಹಾಕಿಕೊಳ್ಳಬೇಕು. ಕೆಂಪಿಗೆ ಎಲ್ಲರೂ ಶಾಲೆಗೋ ಸಮುದಾಯ ಭವನಕ್ಕೋ, ಚರ್ಚೆ ಇಲ್ಲದೆ. ಆ ಕಟ್ಟಡದ ಬೀಗದ ಕೈ ಇಬ್ಬರ ಹತ್ತಿರ ಇರಲಿ.

ಸುದ್ದಿ ಮುಟ್ಟಿಸಲು ವಾಟ್ಸಾಪ್ ಒಂದನ್ನೇ ನಂಬಬೇಡಿ. ರಾತ್ರಿ ಯಾರೂ ನೋಡುವುದಿಲ್ಲ, ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ, ದೇವಸ್ಥಾನದ ಮೈಕೂ ಕೆಲಸ ಮಾಡುವುದಿಲ್ಲ. ತಮಟೆ ಇರಲಿ, ಬ್ಯಾಟರಿ ಮೆಗಾಫೋನ್ ಇರಲಿ. ಆಗಸ್ಟ್‌ನಲ್ಲಿ ಒಂದು ಸಂಜೆ ನಿಜವಾಗಿ ಬಾರಿಸಿ ಎಲ್ಲರನ್ನೂ ಶಾಲೆವರೆಗೆ ನಡೆಸಿ ನೋಡಿ. ಎಷ್ಟು ನಿಮಿಷ ಹಿಡಿಯಿತು ಅಂತ ಬರೆದುಕೊಳ್ಳಿ. ಆ ನಿಮಿಷಗಳಿಗಿಂತ ನಿಮ್ಮ ಕೆಂಪು ಗೆರೆ ಕೊಡುವ ಹೊತ್ತು ಕಡಿಮೆ ಇದ್ದರೆ ಗೆರೆಯನ್ನು ಕೆಳಗಿಳಿಸಿ.

ಹಂತ 6: ಏರಿ ಕೊಡುವ ಸೂಚನೆಗಳು

ಕೆರೆ ತುಂಬಿದ ಮೇಲೆ ಮಳೆ ಇರಲಿ ಇಲ್ಲದಿರಲಿ ದಿನಕ್ಕೆ ಎರಡು ಸಲ ಏರಿ ಮೇಲೆ ಒಂದು ಸುತ್ತು, ಏರಿಯ ಹಿಂದೆ ಬುಡದಲ್ಲಿ ಒಂದು ಸುತ್ತು. ಮೇಲೆ ಮಾತ್ರ ನಡೆದರೆ ಏನೂ ಕಾಣುವುದಿಲ್ಲ, ತೊಂದರೆ ಕಾಣುವುದು ಬುಡದಲ್ಲಿ.

ಹಳೇ ಏರಿಗಳಲ್ಲಿ ಬುಡದಲ್ಲಿ ಸ್ವಲ್ಪ ತಿಳಿನೀರು ಜಿನುಗುವುದು ಇದ್ದದ್ದೇ. ಅದರ ಮೇಲೆ ಕಣ್ಣಿಡಿ, ಗಾಬರಿ ಬೇಡ. ಆದರೆ ಜಿನುಗು ನೀರು ಕೆಂಪಗೆ, ಮಣ್ಣು ಕಲಸಿಕೊಂಡು ಬಂದರೆ, ಅಥವಾ ನಿನ್ನೆಗಿಂತ ಇವತ್ತು ಜಾಸ್ತಿ ಆಗಿದ್ದರೆ, ಒಳಗೆ ಮಣ್ಣು ಕೊಚ್ಚಿಹೋಗಿ ಬಿಲ ಆಗುತ್ತಿದೆ ಅಂತ ಅರ್ಥ. ಒಂದು ಗಾಜಿನ ಲೋಟದಲ್ಲಿ ಹಿಡಿದು ಐದು ನಿಮಿಷ ಇಡಿ, ತಳದಲ್ಲಿ ಮಣ್ಣು ಕೂತರೆ ತಕ್ಷಣ ತಹಶೀಲ್ದಾರ್ ಕಚೇರಿಗೂ 112ಕ್ಕೂ ಫೋನ್ ಮಾಡಿ, ಕೆಳಗಿನ ಮನೆಗಳನ್ನು ಖಾಲಿ ಮಾಡಿಸಿ. ಏರಿ ಉದ್ದಕ್ಕೂ ಹೋಗುವ ಬಿರುಕು, ಹಿಂಭಾಗ ಜರಿದು ಉಬ್ಬಿಕೊಂಡಿರುವುದು, ಏರಿ ಮೇಲೆ ಹೊಸದಾಗಿ ಬಿದ್ದ ಗುಂಡಿ, ಇವೂ ಅಷ್ಟೇ ಗಂಭೀರ. ಇಲಿ, ಹೆಗ್ಗಣದ ಬಿಲ ಮತ್ತು ಒಣಗಿದ ಮರದ ಬೇರನ್ನು ಬೇಸಿಗೆಯಲ್ಲೇ ನೋಡಿ ಇಲಾಖೆಯವರಿಗೆ ತೋರಿಸಿ ಸರಿ ಮಾಡಿಸಬೇಕು.

ಜಿನುಗುವ ಬಾಯಿಗೆ ಜೇಡಿಮಣ್ಣು ಮೆತ್ತಿ ಮುಚ್ಚಲು ಹೋಗಬೇಡಿ, ನೀರು ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಳ್ಳುತ್ತದೆ. ಬುಡದಲ್ಲಿ ಬುಗ್ಗೆ ಥರ ಎದ್ದರೆ ಅದರ ಸುತ್ತ ಮರಳು ಚೀಲದ ಬಳೆ ಕಟ್ಟಿ, ಒಳಗೆ ನೀರು ಏರಿ ನಿಲ್ಲುವಂತೆ ಮಾಡುತ್ತಾರೆ. ಆ ನಿಂತ ನೀರಿನ ಭಾರವೇ ಹರಿವನ್ನು ತಡೆಯುತ್ತದೆ. ಇದೂ ಕೂಡ ಎಂಜಿನಿಯರ್ ಬರುವವರೆಗಿನ ಕೆಲಸ, ಏರಿ ಜರಿಯುತ್ತಿದ್ದರೆ ಹತ್ತಿರವೇ ಹೋಗಬಾರದು.

ಚೀಲದ ವಿಚಾರ: ಖಾಲಿ ಸಿಮೆಂಟ್ ಚೀಲ ಮುನ್ನೂರಾದರೂ ಕೂಡಿಟ್ಟುಕೊಳ್ಳಿ, ಜೊತೆಗೆ ಒಂದು ಲೋಡ್ ಎಂ ಸ್ಯಾಂಡ್, ಗುದ್ದಲಿ, ಸನಿಕೆ, ಬಾಂಡ್ಲಿ, ಮಚ್ಚು, ದಪ್ಪ ಹಗ್ಗ, ಲಾರಿ ಟ್ಯೂಬು, ಟಾರ್ಚು. ಚೀಲವನ್ನು ಬಾಯಿವರೆಗೆ ತುಂಬಬೇಡಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದರೆ ಅದು ಚಪ್ಪಟೆಯಾಗಿ ಕೂತು ಸಂದು ಮುಚ್ಚುತ್ತದೆ. ಇಟ್ಟಿಗೆ ಕಟ್ಟುವ ಹಾಗೆ ಸಂದಿನ ಮೇಲೆ ಸಂದು ಬಾರದಂತೆ ಜೋಡಿಸಿ, ತುಳಿದು ಕೂರಿಸಿ.

ಹಂತ 7: ನೀರು ಬಂದೇ ಬಿಟ್ಟಿತು

ಮೊದಲು ಕರೆಂಟ್. ಮನೆಯ ಮೈನ್ ಸ್ವಿಚ್ ಇಳಿಸಿ, ಆದರೆ ನೀರಲ್ಲಿ ನಿಂತು ಮುಟ್ಟಬೇಡಿ. ಲೈನ್‌ಮನ್‌ಗೂ ಬೆಸ್ಕಾಂನ 1912ಕ್ಕೂ ಹೇಳಿ ಆ ಭಾಗದ ಲೈನ್ ಆಫ್ ಮಾಡಿಸಿ. ಮೋಟರ್ ಉಳಿಸಲು ತೋಟದ ಸ್ಟಾರ್ಟರ್ ಬಾಕ್ಸ್ ಹತ್ತಿರ ಓಡಬೇಡಿ, ಮೋಟರ್ ಮತ್ತೆ ತರಬಹುದು.

ಆಮೇಲೆ ಜನ, ಪಟ್ಟಿಯಲ್ಲಿರುವ ಹಿರಿಯರು ಮೊದಲು. ದನ, ಮೇಕೆಗಳನ್ನು ಹೊಡೆದುಕೊಂಡು ಹೋಗಲು ಹೊತ್ತಿಲ್ಲದಿದ್ದರೆ ಕಣ್ಣಿಯನ್ನಾದರೂ ಬಿಚ್ಚಿ. ಬಿಟ್ಟ ದನ ಈಜಿ ದಿಬ್ಬ ಸೇರುತ್ತದೆ, ಕಟ್ಟಿದ ದನ ಗೂಟದಲ್ಲೇ ಸಾಯುತ್ತದೆ.

ಹರಿಯುವ ನೀರನ್ನು ದಾಟಬೇಡಿ. ಅರ್ಧ ಅಡಿ ಸೆಳೆತದ ನೀರು ದೊಡ್ಡವರ ಕಾಲು ಕಿತ್ತು ಬೀಳಿಸುತ್ತದೆ, ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸುತ್ತದೆ. ಬೈಕ್ ಅಂತೂ ಬೇಡವೇ ಬೇಡ. ನಿಂತ ನೀರಲ್ಲಿ ನಡೆಯಲೇಬೇಕಾದರೆ ಕೋಲು ಊರಿಕೊಂಡು, ತೆರೆದ ಮ್ಯಾನ್‌ಹೋಲ್ ಇದೆಯಾ ಅಂತ ನೋಡಿಕೊಂಡು ಹೋಗಿ. ಕೋಡಿ ಹರಿಯುವುದು ನೋಡಲು, ಫೋಟೋ ತೆಗೆಯಲು ಬರುವ ಹುಡುಗರನ್ನು ತಡೆಯಲು ಅಲ್ಲಿ ಒಬ್ಬರು ನಿಲ್ಲಲೇಬೇಕು. ಪಾಚಿ ಕಟ್ಟಿದ ಕೋಡಿ ಕಲ್ಲಿನ ಮೇಲೆ ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ.

ಮತ್ತು ಆ ಗಡಿಬಿಡಿಯಲ್ಲೂ, ಕೆಳಗಿನ ಊರಿಗೆ ಫೋನ್.

ಹಂತ 8: ನೀರು ಇಳಿದ ಮೇಲೆ

ಗೋಡೆಯ ಮೇಲಿನ ನೀರಿನ ಗುರುತು ತೊಳೆಯುವ ಮುಂಚೆ ಫೋಟೋ ತೆಗೆಯಿರಿ. ಸತ್ತ ದನ, ಬಿದ್ದ ಗೋಡೆ, ಹಾಳಾದ ಬೆಳೆ, ಎಲ್ಲದರದ್ದು. ಪರಿಹಾರಕ್ಕೆ ಗ್ರಾಮ ಆಡಳಿತಾಧಿಕಾರಿ ಮಹಜರು ಮಾಡುವಾಗ ಇದು ಬೇಕಾಗುತ್ತದೆ. ಮನೆ ಸ್ವಚ್ಛ ಮಾಡಿದ ಮೇಲೆ ಅವರು ಬಂದರೆ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ನಮ್ಮ ಕಡೆಯ ಕೆರೆ ನೀರಿನಲ್ಲಿ ಚರಂಡಿ ನೀರೂ ಸೇರಿರುತ್ತದೆ. ಹಾಗಾಗಿ ಸಂಪು, ಓವರ್‌ಹೆಡ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆದು, ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು ಅಂತ ಆರೋಗ್ಯ ಕೇಂದ್ರದವರನ್ನು ಕೇಳಿ ಹಾಕಿ. ಅಲ್ಲಿಯವರೆಗೆ ಕುದಿಸಿ ಆರಿಸಿದ ನೀರೇ. ಕಾಲಲ್ಲಿ ಗಾಯ ಇದ್ದವರು ಕೆಸರಿಗೆ ಇಳಿಯಬಾರದು, ಒಂದೆರಡು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ನೆರೆ ನೀರಲ್ಲಿ ಓಡಾಡಿದ್ದನ್ನು ಡಾಕ್ಟರ್‌ಗೆ ಹೇಳಿ, ಇಲಿಜ್ವರ ಇರಬಹುದು. ನೆನೆದ ಸ್ವಿಚ್ ಬೋರ್ಡು, ಮಿಕ್ಸಿ, ಫ್ರಿಡ್ಜ್ ಎಲೆಕ್ಟ್ರಿಷಿಯನ್ ನೋಡುವವರೆಗೆ ಹಾಕಬೇಡಿ. ಬೂಸ್ಟು ಹಿಡಿದ ಹಿಂಡಿ, ಬೂಸಾ ದನಕ್ಕೆ ಕೊಡಬೇಡಿ.

ವಾರದೊಳಗೆ ಆರು ಜನ ನೋಟ್‌ಬುಕ್ ಇಟ್ಟುಕೊಂಡು ಡೇರಿ ಜಗಲಿ ಮೇಲೆ ಕೂರಿ. ಮೇಲಿನಿಂದ ಫೋನ್ ಬಂದಿದ್ದು ಎಷ್ಟಕ್ಕೆ, ಹಳದಿ ಮುಟ್ಟಿದ್ದು ಎಷ್ಟಕ್ಕೆ, ತಮಟೆ ಬಾರಿಸಿದ್ದು ಎಷ್ಟಕ್ಕೆ, ಕೊನೆಯ ಮನೆ ಖಾಲಿಯಾಗಿದ್ದು ಎಷ್ಟಕ್ಕೆ, ಎಲ್ಲ ಒಂದರ ಕೆಳಗೆ ಒಂದು ಬರೆಯಿರಿ. ಎಲ್ಲಿ ತಡವಾಯಿತು ಅಂತ ಅಲ್ಲೇ ಕಾಣುತ್ತದೆ. ಕಳೆದ ಸಲ ನಮ್ಮಲ್ಲಿ ತಡವಾಗಿದ್ದು ಶಾಲೆಯ ಬೀಗದ ಕೈ ಹುಡುಕುವುದರಲ್ಲಿ, ಇಪ್ಪತ್ತು ನಿಮಿಷ. ಈಗ ಒಂದು ಕೈ ವಾಟರ್‌ಮನ್ ಹತ್ತಿರ, ಇನ್ನೊಂದು ಶಾಲೆಯ ಎದುರು ಮನೆಯ ಅಜ್ಜಿ ಹತ್ತಿರ ಇದೆ.